ಹುಟ್ಟುಗಾಲು

ಹಗಲೆಲ್ಲ ಸತ್ತ ಮೀನು.
ಗ್ರಿಮ್ಸ್‌ಬಿಯ ಕಾರ್ಖಾನೆಯ ಬೆಲ್ಟಿನ ಮೇಲೆ
ಬೆನ್ನು ಸೀಳಿ, ಮುಳ್ಳು ಕಿತ್ತು, ಮಂಜುಗಡ್ಡೆಗೆ ತಳ್ಳಿ
ಲೆಕ್ಕ ತಪ್ಪಿ ಹನ್ನೆರಡು ವರ್ಷ.
ರಾತ್ರಿ ಮನೆಗೆ ಬಂದರೆ ಒಂದೇ ಒಂದು, ಜೀವಂತ:
ಮುಂದಿನ ಕೋಣೆಯ ಗಾಜಿನೊಳಗೆ ಡಚೆಸ್,
ನೀಲಿ ಮೈಗೆ ಕಿತ್ತಳೆಯ ಸುರುಳಿ ಬರೆಸಿಕೊಂಡವಳು,
ಸತ್ತದ್ದನ್ನು ಮೂಸಿಯೂ ನೋಡದವಳು.

ಅವಳಿಗೆ ಬೇಕು ಕುಪ್ಪಳಿಸುವ ತುತ್ತು,
ಕೋಪೆಪಾಡ್.
ಅಲ್ಪವಿರಾಮದಷ್ಟು ದೇಹ, ಹಣೆಗೊಂದೇ ಕಣ್ಣು,
ಬಾಲದ ಬುಡದಲ್ಲಿ ಮೊಟ್ಟೆಯ ಗಂಟು,
ಕಾಲೆಂಬುದೆಲ್ಲ ಹುಟ್ಟು.
ದೋಣಿಯಿಲ್ಲ, ದಡವಿಲ್ಲ,
ಹುಟ್ಟು ಹಾಕುತ್ತಲೇ ಹುಟ್ಟುಹಾಕುವ ಕುಲ.

ಮೆಟ್ಟಿಲ ಕೆಳಗೆ, ಬೂಟುಗಳಿದ್ದ ಜಾಗದಲ್ಲಿ
ಐದು ಜಾಡಿ ಉಪ್ಪುನೀರು.
ಒಂದೊಂದಕ್ಕೂ ಕೊಳವೆ, ಸೆಕೆಂಡಿಗೊಂದು ಗುಳ್ಳೆ.
ಪಾಚಿನೀರು ಧಾರಾಳ ಸುರಿದೆ,
ಒಂದನ್ನೂ ಮುಟ್ಟಲಿಲ್ಲ.
ಹೆಚ್ಚಲಿ, ಅಂದೆ. ಇನ್ನೊಂದು ವಾರ, ಅಂದೆ.
ಜಿಪುಣ ಪೆಟ್ಟಿಗೆ ತೆರೆದ ಹಾಗೆ
ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು.
ನಾಲ್ಕನೆಯ ವಾರ ಮೂರನೆಯ ಜಾಡಿ
ಕೊಳೆತ ಮೊಟ್ಟೆಯ ನಾತ ಬಿಟ್ಟಿತು.
ಉಳಿದವುಗಳಲ್ಲಿ ಟಾರ್ಚಿಗೆ ಸಿಕ್ಕಿದ್ದು
ಬೆರಳೆಣಿಕೆ.
ಡಚೆಸ್ಸಿನ ಹೊಟ್ಟೆ ಬೆನ್ನಿಗೆ ಹತ್ತಿತು.

ಪಕ್ಕದ ಮನೆಯ ಬೆರಿಲ್ ಸ್ಟೋವಿನ್,
ಡೇರಿಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ
ಹಾಲಿನ ಹನಿಯಲ್ಲಿ ಕೆಟ್ಟದ್ದನ್ನು ಹುಡುಕಿದವಳು,
ಮನೆಚಪ್ಪಲಿಯಲ್ಲೇ ಬಂದಳು,
ಮೈಕ್ರೋಸ್ಕೋಪನ್ನು ಮಗುವಿನಂತೆ ಸೊಂಟಕ್ಕೆ ಏರಿಸಿಕೊಂಡು.
ಒಂದು ಹನಿ ನೋಡಿದಳು. ಇನ್ನೊಂದು.
‘ಬರೀ ಮುದುಕರ ಸಂತೆ,’ ಅಂದಳು.
‘ಮರಿ ಹುಟ್ಟುತ್ತಿಲ್ಲ ಅಂತಲ್ಲ.
ಹುಟ್ಟಿದ್ದನ್ನು ಹುಟ್ಟಿದ ಹಾಗೇ ತಿಂದು ಹಾಕ್ತಿವೆ.
ನೀನು ಒಂದನ್ನೂ ತೆಗೆದಿಲ್ಲ, ಅಲ್ವಾ.’
ಅದು ಪ್ರಶ್ನೆಯಾಗಿರಲಿಲ್ಲ.

ಎರಡು ಜರಡಿ ಒಂದರ ಕೆಳಗೊಂದು ಹಿಡಿದಳು.
ದೊಡ್ಡ ಕಣ್ಣಿನದರಲ್ಲಿ ತಾಯಂದಿರು ನಿಂತರು;
ಸಣ್ಣದರಲ್ಲಿ, ಉಸಿರು ಬಿಟ್ಟರೆ ಹಾರೀತು ಅನ್ನುವಂಥ
ಕಂದು ಧೂಳು.
ಧೂಳಿಗೆ ಹೊಸ ಜಾಡಿ.
ತಾಯಂದಿರಲ್ಲಿ ಅರ್ಧ, ಡಚೆಸ್ಸಿಗೆ.
‘ಅರ್ಧವೇ?’ ಅಂದೆ.
ನೋಡಿದರೆ ನನ್ನ ಕೈ ಅವಳ ಮಣಿಕಟ್ಟು ಹಿಡಿದಿತ್ತು.
ಪಾಳಿಗೆ ಸಾವಿರ ಹ್ಯಾಡಕ್ ಕೊಯ್ಯುವ ಕೈ,
ಹಿಡಿಯಷ್ಟು ಅಲ್ಪವಿರಾಮಕ್ಕೆ ನಡುಗುವ ಕೈ.
ಅವಳು ಬಿಡಿಸಿಕೊಂಡಳು, ಮೆತ್ತಗೆ,
ಜರಡಿಯ ನೀರು ಚೆಲ್ಲದ ಹಾಗೆ.

ಆ ರಾತ್ರಿ ಡಚೆಸ್ ಕಲ್ಲಿಂದ ಕಲ್ಲಿಗೆ
ಕೋಳಿ ಕಾಳು ಹೆಕ್ಕಿದಂತೆ ಹೆಕ್ಕಿದಳು,
ನಾನು ಊಟ ಮರೆತು ಕೂತೆ.

ಬೆರಿಲ್ ಹೇಳಿದ್ದು ಪಾಳಿಯ ಚೀಟಿಯ ಹಿಂದೆ ಇನ್ನೂ ಇದೆ:
ಜಾಡಿಯ ಆಚೆ ಹಿಡಿದ ಚಮಚ ಕಾಣುವಷ್ಟೇ ಹಸಿರು,
ಕಾಣದಿದ್ದರೆ ಅದು ಊಟವಲ್ಲ, ಕೆಸರು.
ತಳದ ಕಸ ಭಾನುವಾರ.
ಕಾಲು ಭಾಗ ವಾರವಾರ ತೆಗೆ,
ಮನಸ್ಸು ಬಂದರೂ ಬರದಿದ್ದರೂ.
ಆಮೇಲೆ, ಬೇರೆ ಪೆನ್ನಿನಲ್ಲಿ,
ಒಂದು ಜಾಡಿ ನನ್ನ ಕಿಟಕಿಯಲ್ಲಿಡು.
ಯಾಕೆ ಅಂತ ಬರೆದಿಲ್ಲ.

ತೋಡಿದ ಬಾವಿ ಊರುತ್ತದೆ, ಗೊತ್ತಿದ್ದದ್ದೇ.
ಆದರೂ ಚಮಚಕ್ಕೆ ನಾಲ್ಕಿದ್ದದ್ದು ನಲವತ್ತಾದ ದಿನ
ಮೂರು ಸಲ ಎಣಿಸಿದೆ.

ಫೆಬ್ರವರಿಯ ಗಾಳಿಗೆ ಬೀದಿಯ ಕರೆಂಟು ಹೋಯಿತು.
ನಾನು ಕಾರ್ಖಾನೆಯಲ್ಲಿ. ಗುಳ್ಳೆ ನಿಂತು ಒಂಬತ್ತು ಗಂಟೆ.
ಬೆಳಗಿನ ಜಾವ ಮೆಟ್ಟಿಲ ಕೆಳಗೆ ಟಾರ್ಚು ಬಿಟ್ಟೆ:
ಐದೂ ಜಾಡಿಯಲ್ಲಿ ತಿಳಿನೀರು,
ತಳದಲ್ಲಿ ಬಿಳಿ ಪುಡಿ.

ಅವಳ ಬಾಗಿಲಿಗೆ ಕೈ ಎತ್ತುವ ಮೊದಲೇ ತೆರೆಯಿತು.
ಕೂದಲಿಗೆ ಸುರುಳಿ, ಕೈಯಲ್ಲಿ ಸೈಕಲ್ ಪಂಪು,
ರಾತ್ರಿಯೆಲ್ಲ ಊದಿ ಕೆಂಪಾದ ಅಂಗೈ.
ಕಿಟಕಿಯ ಜಾಡಿ ಬೆಳಕಿಗೆ ಮಿಜಿಮಿಜಿ.
ನಾನು ಎರಡೂ ಕೈ ಚಾಚಿದೆ.

‘ಅರ್ಧ,’ ಅಂದಳು.